ಆನೆಮರಿಯ ಮೇಲಿನ ಸ್ಥಾಯಿ

ಜನವರಿ 9

ಪ್ರೀತಿಯ ತಂತಿ ಮಾವನಿಗೆ,

ಇಲಿಮರಿಯ ನಮಸ್ಕಾರ. ನೆನಪಿದೆಯಲ್ಲ, ನೀವೂ ಅಪ್ಪನೂ ಕೆಲಸ ಮಾಡುತ್ತಿದ್ದ ರೆಕಾರ್ಡಿಂಗ್ ಸ್ಟುಡಿಯೋದ ಮೇಜುಗಳ ಕೆಳಗೆ ತೂರಿಕೊಂಡು ತುಂಡು ತಂತಿ ಆರಿಸುತ್ತಿದ್ದವಳು? ಈಗ ನನಗೆ ನಲವತ್ತೊಂದು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವ ಕೆಲಸ. ನಿಮಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ, ಮೊಬೈಲಿಗೆ ಬರೆದರೆ ನೀವು ತೆಗೆದೇ ನೋಡುವುದಿಲ್ಲ ಅಂತ ಅತ್ತೆ ಹೇಳಿದರು. ಅದಕ್ಕೇ ಈ ಕಾಗದ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಹದಿನಾಲ್ಕು ತಿಂಗಳಾಯಿತು. ಮಾತು ಬಹುಮಟ್ಟಿಗೆ ಬಂದಿದೆ, ನಿಧಾನ ಅಷ್ಟೆ. ಬಲಗೈ ಬಂದಿಲ್ಲ. ಇಡೀ ದಿನ ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಾರೆ. ಅವರ ಹಿಂದೆ, ಬಟ್ಟೆ ಹೊದ್ದುಕೊಂಡು, ನಿಮ್ಮ ಸ್ಟುಡಿಯೋದ ಆ ಹಳೆಯ ಸಿಂಥಸೈಜರ್ ಕೂತಿದೆ. ಎತ್ತಲು ಇಬ್ಬರು ಬೇಕೆಂದು ನೀವೆಲ್ಲ 'ಆನೆಮರಿ' ಅನ್ನುತ್ತಿದ್ದಿರಲ್ಲ, ಅದೇ. ಸ್ಟುಡಿಯೋ ಮುಚ್ಚಿದಾಗ ಅಪ್ಪ ಅದನ್ನು ಹರಾಜಿನಲ್ಲಿ ತಂದರು. ತಂದ ಮೇಲೆ ಒಂದು ದಿನವೂ ನುಡಿಸಿದ್ದನ್ನು ನಾನು ನೋಡಿಲ್ಲ. ಧೂಳು ಮಾತ್ರ ತಪ್ಪದೆ ಒರೆಸುತ್ತಿದ್ದರು.

ಈಗ ನಾನೊಂದು ಹುಚ್ಚು ಕೆಲಸ ಮಾಡಿದ್ದೇನೆ. ಒಂದು ಸ್ಟೆಪ್ ಸೀಕ್ವೆನ್ಸರ್ ತಂದೆ. ಹದಿನಾರು ನಾಬ್, ಹದಿನಾರು ದೀಪ. ಒಂದೊಂದು ನಾಬ್ ಒಂದೊಂದು ಸ್ವರ. ತಿರುಗಿಸಿ ಬಿಟ್ಟರೆ ಯಂತ್ರವೇ ಒಂದರ ಹಿಂದೆ ಒಂದನ್ನು ಸಿಂಥಸೈಜರಿಗೆ ಹೇಳುತ್ತಾ ಹೋಗುತ್ತದೆ. ಹದಿನಾರು ಮುಗಿದರೆ ಮತ್ತೆ ಒಂದು. ನನ್ನ ಬಸ್ಸುಗಳು ಹೀಗೆ ಓಡಿದ್ದರೆ ನನಗೆ ಬೈಗುಳವೇ ಇರುತ್ತಿರಲಿಲ್ಲ. ಎಡಗೈ ಒಂದಿದ್ದರೆ ಸಾಕು, ಅವಸರವಿಲ್ಲ, ಒಂದು ಸ್ವರಕ್ಕೆ ಒಂದು ಗಂಟೆ ಬೇಕಾದರೂ ತೆಗೆದುಕೊಳ್ಳಬಹುದು. ಅಪ್ಪನಿಗೆ ಹೇಳಿಮಾಡಿಸಿದ ಹಾಗಿದೆ ಅಂದುಕೊಂಡೆ.

ಅಪ್ಪ ನೋಡಿ, "ಕೈ ಹೋಗಿದ್ದು ಹೋದ ವರ್ಷ. ಕಿವಿ ಹೋಗಿ ಮೂವತ್ತೊಂದು ವರ್ಷ ಆಯ್ತು. ಇದನ್ನ ತಂದು ಏನ್ಮಾಡ್ತೀಯ?" ಅಂದರು. ಕಿವಿ ಹೋಗಿದೆ ಅಂದರೆ ಏನು ಮಾವ? ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಅವರಿಗೆ ಕೇಳಿಸುತ್ತದೆ.

ಅದಿರಲಿ, ನನ್ನ ಸಮಸ್ಯೆ ಬೇರೆ. ಎರಡು ತಂತಿ ಜೋಡಿಸಿದೆ: ಸ್ವರ ಎಷ್ಟು ಎತ್ತರ ಅನ್ನುವುದಕ್ಕೆ ಒಂದು, ಯಾವಾಗ ನುಡಿಯಬೇಕು ಅನ್ನುವ 'ಗೇಟ್' ಇನ್ನೊಂದು. ಎಲ್ಲ ತಲೆಕೆಳಗಾಗಿದೆ. ದೀಪ ಹತ್ತಿದಾಗ ಆನೆಮರಿ ಸುಮ್ಮನಿರುತ್ತದೆ, ದೀಪ ಆರಿದಾಗ ಕೂಗುತ್ತದೆ. ಸೀಕ್ವೆನ್ಸರ್ ನಿಲ್ಲಿಸಿದರಂತೂ ಕೂಗು ನಿಲ್ಲುವುದೇ ಇಲ್ಲ. ಅಪ್ಪ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕರು. "ತಂತಿಗೆ ಬರಿ. ಅದರ ಕರುಳು ಗೊತ್ತಿರೋನು ಅವನೊಬ್ಬನೇ" ಅಂದರು.

ನಿಮ್ಮ
ಇಲಿಮರಿ


ಜನವರಿ 17

ಇಲಿಮರಿಗೆ ಆಶೀರ್ವಾದ.

ಎರಡು ದಿನದಲ್ಲಿ ಬರಬೇಕಾದ ನಿನ್ನ ಕಾಗದ ಏಳು ದಿನ ತೆಗೆದುಕೊಂಡಿತು. ನಮ್ಮ ಅಂಚೆ ಕಚೇರಿಯ ಗೋಡೆ ಗಡಿಯಾರ ನಿಂತು ಒಂದು ವರ್ಷ ನಾಲ್ಕು ತಿಂಗಳಾಗಿದೆ. ಮೂರು ಸಲ ಬರೆದುಕೊಟ್ಟಿದ್ದೇನೆ. ಗಂಟೆ ಎಷ್ಟೆಂದು ಗೊತ್ತಿಲ್ಲದವರು ಹೊತ್ತಿಗೆ ಸರಿಯಾಗಿ ಕಾಗದ ಮುಟ್ಟಿಸುವುದು ಹೇಗೆ? ಈ ವಿಷಯ ಪತ್ರಿಕೆಗೂ ಬರೆದೆ. ಅಚ್ಚು ಮಾಡಿದರು, ನನ್ನ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿ, ಎರಡು ಕಾಗುಣಿತದ ತಪ್ಪು ಸೇರಿಸಿ. ತಪ್ಪು ಮಾಡುವುದು ಒಂದು, ಮಾಡಿ ಸುಮ್ಮನಿರುವುದು ಇನ್ನೊಂದು. ಈ ಎರಡನೆಯದನ್ನು ನಾನು ಕ್ಷಮಿಸಲಾರೆ.

ನಿನ್ನಪ್ಪನ ಕೈ ವಿಷಯ ಓದಿದೆ. ಆ ಬಲಗೈಯ ಕಿರುಬೆರಳು ಎಷ್ಟು ದೂರ ಚಾಚುತ್ತಿತ್ತು ಎಂದು ನೋಡಿದವರಿಗೇ ಗೊತ್ತು. ಸ್ಟುಡಿಯೋದಲ್ಲಿ ಅವನಿಗೆ 'ಕಿವಿರಾಯ' ಎಂದು ಹೆಸರು. ನಲವತ್ತು ಜನ ವಾದ್ಯದವರು ಶ್ರುತಿ ಮಾಡಿಕೊಂಡು ಅವನ ಮುಖ ನೋಡುತ್ತಿದ್ದರು. ಅವನು ಹುಬ್ಬು ಗಂಟಿಕ್ಕಿದರೆ ಮತ್ತೆ ಬಿರಡೆ ತಿರುಗಿಸುತ್ತಿದ್ದರು. ಆ ಸ್ಟುಡಿಯೋವನ್ನು ಮುಚ್ಚಿ, ವಾದ್ಯಗಳನ್ನು ಹಳೆ ಕಬ್ಬಿಣದಂತೆ ಹರಾಜು ಹಾಕಿದ ಮಹಾಶಯರು ಒಬ್ಬೊಬ್ಬರೂ ನನಗೆ ನೆನಪಿದ್ದಾರೆ, ಯಾರು ಯಾವ ಕುರ್ಚಿಯಲ್ಲಿ ಕೂತು ಸಹಿ ಹಾಕಿದರು ಎಂಬುದರ ಸಮೇತ.

ಈಗ ನಿನ್ನ ತಲೆಕೆಳಗಿನ ವಿಷಯ. ಹೆದರಬೇಡ, ಏನೂ ಕೆಟ್ಟಿಲ್ಲ. ಹೊಸ ಯಂತ್ರಗಳು 'ನುಡಿ' ಎನ್ನಲು ಐದು ವೋಲ್ಟ್ ಕಳಿಸುತ್ತವೆ, 'ಸುಮ್ಮನಿರು' ಎನ್ನಲು ಸೊನ್ನೆ. ಆನೆಮರಿಯ ಪದ್ಧತಿ ಬೇರೆ. ಅದರ ಗೇಟಿನ ತೂತಿನಲ್ಲಿ ವೋಲ್ಟೇಜು ಸದಾ ನಿಂತಿರುತ್ತದೆ; ಅದನ್ನು ನೆಲಕ್ಕೆ, ಎಂದರೆ ಸೊನ್ನೆಗೆ, ಮುಟ್ಟಿಸಿದಾಗ ನುಡಿಯುತ್ತದೆ. ಹಾಗಾಗಿ ನಿನ್ನ ಪೆಟ್ಟಿಗೆ 'ಸುಮ್ಮನಿರು' ಎಂದದ್ದು ಅದಕ್ಕೆ 'ನುಡಿ' ಎಂದು ಕೇಳುತ್ತದೆ.

ನಡುವೆ ಒಂದು ಟ್ರಾನ್ಸಿಸ್ಟರ್ ಕೂರಿಸಿದರೆ ಮುಗಿಯಿತು. ಚಿತ್ರ ಬರೆದಿದ್ದೇನೆ. ಮೂರು ಕಾಲಿನ ಪುಟ್ಟ ಪದಾರ್ಥ, ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ನಡುವಿನ ಕಾಲಿಗೆ ಹತ್ತು ಸಾವಿರ ಓಮಿನ ರೆಸಿಸ್ಟರ್ ಮೂಲಕ ಸೀಕ್ವೆನ್ಸರಿನ ಗೇಟ್. ಒಂದು ಪಕ್ಕದ ಕಾಲು ಆನೆಮರಿಗೆ, ಇನ್ನೊಂದು ನೆಲಕ್ಕೆ. ಎರಡೂ ಯಂತ್ರಗಳ ನೆಲ ಒಂದೇ ಆಗಿರಲಿ. ಬೆಸುಗೆ ಹಾಕುವಾಗ ತಂತಿ ಕಾಯಿಸು, ಸೀಸ ಕಾಯಿಸಬೇಡ.

ಇನ್ನೆರಡು ಮಾತು. ಆನ್ ಮಾಡಿ ಅರ್ಧ ಗಂಟೆ ಬಿಟ್ಟು ನುಡಿಸು. ಹಳೆಯ ಯಂತ್ರ, ಬಿಸಿಯಾಗುವ ತನಕ ಅದರ ಸ್ವರ ಒಂದು ಕಡೆ ನಿಲ್ಲುವುದಿಲ್ಲ. ಹಾಗೆಯೇ ಮೇಲಿನ ಮುಚ್ಚಳ ಬಿಚ್ಚಬೇಡ. ಯಾವ ಕಾರಣಕ್ಕೂ. ಒಳಗೆ ವಿದ್ಯುತ್ತು ಹಿಡಿದಿಟ್ಟುಕೊಳ್ಳುವ ಭಾಗಗಳಿವೆ, ಪ್ಲಗ್ ತೆಗೆದರೂ ಹೊಡೆಯುತ್ತವೆ.

ನಿನ್ನಪ್ಪನಿಗೆ ನನ್ನ ನೆನಪು ಹೇಳು. ಅವನು ನನ್ನ ಬಗ್ಗೆ ಬೇರೇನಾದರೂ ಹೇಳುತ್ತಾನೆಯೇ?

ತಂತಿ ಮಾವ


ಜನವರಿ 30

ಪ್ರೀತಿಯ ಮಾವ,

ಕೆಲಸ ಮಾಡಿತು! ದೀಪ ಹತ್ತಿದರೆ ನುಡಿಯುತ್ತದೆ, ಆರಿದರೆ ಸುಮ್ಮನಾಗುತ್ತದೆ. ಮೊದಲ ಸಲ ಬೆಸುಗೆ ಹಾಕಿ ಎರಡು ಬೆರಳು ಸುಟ್ಟುಕೊಂಡೆ. ಡಿಪೋದ ಎಲೆಕ್ಟ್ರಿಷಿಯನ್ ನೋಡಿ, "ಮೇಡಂ, ಇದು ಬೆಸುಗೆನಾ, ಹಕ್ಕಿ ಹಿಕ್ಕೆನಾ?" ಅಂದ. ಆದರೂ ನಡೆಯಿತು.

ಅಪ್ಪ ಮೊದಲು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ನಾನು ನಾಬ್‌ಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಿ ಬಿಟ್ಟೆ. ಕೆಟ್ಟ ಗಲಾಟೆ. ಸ್ವಲ್ಪ ಹೊತ್ತು ಸಹಿಸಿಕೊಂಡವರು, ತಿರುಗಿ ನೋಡದೆಯೇ, "ಏಳನೇದು ಇಳಿಸು. ಇನ್ನೂ. ಹಾಂ, ಬಿಡು" ಅಂದರು. ಹೀಗೆ ಆರೇಳು ಸ್ವರ ಹೇಳಿಕೊಟ್ಟರು. ಆಮೇಲೆ ನಾನು ಮೇಲಿನ ಸ್ಥಾಯಿಗೆ ಹೋದೆ, ಅಲ್ಲಿ ಎಡವಟ್ಟಾಯಿತು. "ಮೇಲಿಂದು ಇಳಿದಿದೆ" ಅಂದರು. ಅಂದವರೇ ಮುಖ ಸಣ್ಣಗೆ ಮಾಡಿಕೊಂಡು, "ಇಲ್ಲ, ಇಲ್ಲ. ನನ್ನ ಕಿವಿ. ಆಫ್ ಮಾಡು" ಅಂದರು.

ನಾನು ಬಿಡಲಿಲ್ಲ. ಫೋನಿನಲ್ಲಿ ಸ್ವರ ಅಳೆಯುವ ಆ್ಯಪ್ ಹಾಕಿಕೊಂಡು ನೋಡಿದೆ. ಒಂದು ಸ್ವರಕ್ಕೂ ಪಕ್ಕದ ಸ್ವರಕ್ಕೂ ನಡುವೆ ನೂರು ಸೆಂಟ್ ಅಂತೆ ಲೆಕ್ಕ. ಕೆಳಗಿನ ಸ್ಥಾಯಿ ಸರಿಯಾಗಿದೆ, ಮೇಲಿನದು ಹದಿನೆಂಟು ಸೆಂಟ್ ಇಳಿದಿದೆ. ಅಪ್ಪ ಹೇಳಿದ್ದೇ ಸರಿ! ಕುಣಿದಾಡಿಕೊಂಡು ಹೋಗಿ ತೋರಿಸಿದೆ. ಅವರು ಫೋನನ್ನು ನೋಡಿ ಹೇಳಿದ್ದು ಇಷ್ಟು: "ಈಗ ಯಂತ್ರಕ್ಕೆ ವಯಸ್ಸಾಗಿದೆ. ಅವತ್ತು ಹೊಸದಿತ್ತು. ಅವತ್ತೂ ಹೀಗೇ ಅಂದಿದ್ದೆ ನಾನು. ತಂತಿ ಅಳೆದು ನೋಡಿದ್ದ. ಮೀಟರ್ ಸುಳ್ಳು ಹೇಳಲ್ಲ, ತಂತೀನೂ ಹೇಳಲ್ಲ."

ಅವತ್ತು ಅಂದರೆ ಯಾವತ್ತು ಮಾವ? ಅಮ್ಮ ಬದುಕಿದ್ದಾಗಲೂ ಈ ವಿಷಯ ಬಂದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ನನಗೆ ನೆನಪಿರುವುದು ಒಂದೇ: ಯಾವುದೋ ದೊಡ್ಡ ರೆಕಾರ್ಡಿಂಗ್, ಅಪ್ಪ ಮಧ್ಯಾಹ್ನವೇ ಮನೆಗೆ ಬಂದು ಬೂಟು ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕೂತದ್ದು. ಅದಾದ ಮೇಲೆ ಅವರು ಟೈಲ್ಸ್ ಅಂಗಡಿಯಲ್ಲಿ ಗುಮಾಸ್ತರಾದರು. ನೀವು ಅಲ್ಲಿದ್ದಿರಲ್ಲ. ಏನಾಯಿತು ಹೇಳಿ. ಹಾಗೆಯೇ, ಮೇಲಿನ ಸ್ಥಾಯಿ ಸರಿಮಾಡುವ ಸ್ಕ್ರೂ ಎಲ್ಲಿದೆ ಅಂತಲೂ.

ಇಲಿಮರಿ


ಫೆಬ್ರವರಿ 15

ಮಾವ, ಹಿಂದಿನ ಕಾಗದ ಓದಿದಿರಾ? ಅತ್ತೆಗೆ ಫೋನ್ ಮಾಡಿದೆ, ನೀವು ಆರೋಗ್ಯವಾಗಿದ್ದೀರಿ ಅಂದರು. ಅಪ್ಪ ದಿನವೂ "ತಂತಿ ಬರೆದ್ನಾ?" ಅಂತ ಕೇಳುತ್ತಾರೆ. ನಿಮ್ಮ ಊರಿನ ಅಂಚೆಯನ್ನೇ ಬೈಯೋಣ ಅಂದರೆ, ಈ ಸಲ ನನ್ನ ಕಾಗದ ಮೂರೇ ದಿನಕ್ಕೆ ನಿಮಗೆ ತಲುಪಿದೆಯಂತೆ.


ಫೆಬ್ರವರಿ 26

ಇಲಿಮರಿ,

ತಡವಾಯಿತು. ನಮ್ಮ ಬೀದಿಯಲ್ಲಿ ಪೈಪು ಹಾಕಲು ಅಗೆದು, ಮುಚ್ಚದೆ, ನಾಲ್ಕು ವಾರದಿಂದ ಹಾಗೆಯೇ ಬಿಟ್ಟಿದ್ದಾರೆ. ಮೇಲಧಿಕಾರಿಗಳ ತನಕ ಓಡಾಡಿದ್ದರಲ್ಲಿ ದಿನ ಹೋದವು. ಒಬ್ಬ ಎಂಜಿನಿಯರ್ ಹೇಳುತ್ತಾನೆ, ಅಗೆದವರು ನಾವಲ್ಲ. ಇನ್ನೊಬ್ಬ ಹೇಳುತ್ತಾನೆ, ಮುಚ್ಚಬೇಕಾದವರು ನಾವಲ್ಲ. ಹೊಂಡ ತಾನಾಗಿ ಹುಟ್ಟಿತೇ ಎಂದು ಕೇಳಿದರೆ ಕಡತ ತಿರುವುತ್ತಾರೆ.

ನೀನು ಆ ದಿನದ ಬಗ್ಗೆ ಕೇಳಿದ್ದೀಯ. ನವೆಂಬರ್ ಹದಿನಾಲ್ಕು, ಗುರುವಾರ. ಹೊಸ ಗೀತನಾಟಕದ ರೆಕಾರ್ಡಿಂಗ್. ಆ ಕಾಲಕ್ಕೆ ಆನೆಮರಿಯಂಥ ವಾದ್ಯ ಇನ್ನೆಲ್ಲೂ ಇರಲಿಲ್ಲ, ಅದನ್ನು ನುಡಿಸಬಲ್ಲವನು ನಿನ್ನಪ್ಪ ಒಬ್ಬನೇ. ಮೂರನೆಯ ಭಾಗದಲ್ಲಿ ಸ್ವರ ಕೂಡಲಿಲ್ಲ. ನಿರ್ದೇಶಕರು ತಾಳ್ಮೆ ಇಲ್ಲದ ಮನುಷ್ಯ. ಕಲಾವಿದನನ್ನು ಹತ್ತು ಜನರೆದುರು ಹೇಗೆ ಮಾತನಾಡಿಸಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಆಡಳಿತದವರಿಗೆ ಹೊತ್ತು ಮೀರುತ್ತಿದೆ ಎಂಬುದೊಂದೇ ಚಿಂತೆ. ಮಿಕ್ಕ ವಾದ್ಯದವರು, ನಿನ್ನೆಯ ತನಕ ಅವನ ಹುಬ್ಬು ನೋಡುತ್ತಿದ್ದವರು, ಅಂದು ತಮ್ಮ ತಮ್ಮ ಕಾಗದ ನೋಡಿಕೊಂಡರು. ಮಾರನೆಯ ದಿನ ಬೇರೆಯವನನ್ನು ಕರೆಸಿದರು. 'ಕಿವಿರಾಯ' ಎನ್ನುತ್ತಿದ್ದವರೇ ಒಂದು ವಾರದಲ್ಲಿ 'ಕಿವುಡರಾಯ' ಎಂದರು. ಹಾಗೆ ಮೊದಲು ಅಂದವನು ಡೋಲು ಬಾರಿಸುವವನು. ನಾನು ಮರೆತಿಲ್ಲ.

ನಾನು ಅಂದು ನನ್ನ ಕೆಲಸ ಮಾಡಿದೆ. ಅದಕ್ಕಿಂತ ಹೆಚ್ಚು ಹೇಳಲು ಏನಿದೆ?

ಮೇಲಿನ ಸ್ಥಾಯಿಯ ಬಗ್ಗೆ: ಸ್ಕ್ರೂ ಒಳಗಿದೆ, ಅದರ ಗೊಡವೆ ಬೇಡ. ಉಪಾಯವೊಂದಿದೆ. ನಿನ್ನ ಸೀಕ್ವೆನ್ಸರಿನ ನಾಬ್ ಒಂದೊಂದು ಸ್ವರಕ್ಕೂ ಪ್ರತ್ಯೇಕ ಅಲ್ಲವೇ? ಮೇಲಿನ ಸ್ವರ ಬರುವ ಕಡೆ ಕೂದಲೆಳೆಯಷ್ಟು ಹೆಚ್ಚು ತಿರುಗಿಸು, ಫೋನು ಸರಿ ಎನ್ನುವ ತನಕ. ಸೀಕ್ವೆನ್ಸರ್ ಸ್ವಲ್ಪ ಹೆಚ್ಚು ಕೇಳುತ್ತದೆ, ಆನೆಮರಿ ಸ್ವಲ್ಪ ಕಡಿಮೆ ಕೊಡುತ್ತದೆ, ಕೊನೆಗೆ ಕಿವಿಗೆ ಸರಿಯಾದದ್ದೇ ಬೀಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಮುಚ್ಚಳ ಬಿಚ್ಚುವ ಅಗತ್ಯವೇ ಇಲ್ಲ. ಇದನ್ನು ಎರಡನೆಯ ಸಲ ಬರೆಯುತ್ತಿರುವುದು ನಿನ್ನ ಕ್ಷೇಮಕ್ಕಾಗಿ.

ತಂತಿ ಮಾವ


ಮಾರ್ಚ್ 6

ಮಾನ್ಯರೇ,

ನಿಮ್ಮ ಉಪಾಯ ಮಾಡಿ ನೋಡಿದೆ. ಸ್ವರ ಸರಿಯಾಯಿತು. ಅಪ್ಪ ಕೇಳಿ, "ಯಂತ್ರ ಇಳಿದಿರೋದನ್ನ ನಾಬ್‌ನಲ್ಲಿ ಮುಚ್ಚಿಟ್ಟಿದ್ದೀಯ" ಅಂದರು. ಅದೂ ಅವರಿಗೆ ಕೇಳಿಸುತ್ತದೆ. ಕೇಳಿಸಿದ್ದನ್ನು ನಂಬುವುದಿಲ್ಲ, ಅಷ್ಟೆ.

ಅದಕ್ಕೇ ಭಾನುವಾರ ಡಿಪೋದ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಹಿಂದಿನ ದಿನವೇ ಪ್ಲಗ್ ಕಿತ್ತು ಇಟ್ಟಿದ್ದೆವು. ಅವನು ರಬ್ಬರ್ ಕೈಗವಸು ಹಾಕಿಕೊಂಡು ಎಂಟು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ. ಯಾರಿಗೂ ಏನೂ ಹೊಡೆಯಲಿಲ್ಲ. ತಿರುಗಿಸುವ ಪುಟ್ಟ ಸ್ಕ್ರೂ ಸಿಕ್ಕಿತು, ಅಲುಗದಿರಲಿ ಎಂದು ಅದರ ತಲೆಗೆ ಕೆಂಪು ಅರಗು ಹಚ್ಚಿಟ್ಟಿದ್ದಾರೆ. ನಾವು ಮುಟ್ಟಲಿಲ್ಲ.

ಮುಚ್ಚಳದ ಒಳಮೈಗೆ ಅಂಟಿಸಿದ ಚೀಟಿಯನ್ನೂ ಓದಿದೆ. ನಿಮ್ಮ ಅಕ್ಷರ ಆಗಲೂ ಹೀಗೇ ದುಂಡಗಿತ್ತು.

ನೀವು ನಿಮ್ಮ ಕೆಲಸ ಮಾಡಿದೆ ಅಂದಿರಿ. ಯಾವ ದಿನ ಮಾಡಿದಿರಿ? ಹದಿಮೂರರಂದೋ, ಹದಿನಾಲ್ಕರ ಸಂಜೆಯೋ?

ಅಪ್ಪ ಆಗ ಮಲಗಿದ್ದರು. ಅವರಿಗೆ ಇನ್ನೂ ಏನೂ ಹೇಳಿಲ್ಲ. ಹೇಳಬೇಕಾದವರು ನೀವು. ಮಾರ್ಚ್ ಮುಗಿಯುವ ತನಕ ಕಾಯುತ್ತೇನೆ.


ಮಾರ್ಚ್ 11

ಮಗಳೇ,

ಹಾಗೆ ಕರೆಯಲು ಹಕ್ಕಿದೆಯೋ ಇಲ್ಲವೋ. ಬೇರೆ ಹೇಗೆ ಶುರುಮಾಡಬೇಕೆಂದು ತೋಚಲಿಲ್ಲ. ಇದನ್ನು ನಿನ್ನಪ್ಪನಿಗೆ ಓದಿ ಹೇಳು. ಅವನಿಗೇ ಬರೆಯಲು ಕೂತೆ, ಮೂರು ಹಾಳೆ ಹರಿದೆ. ನಿನ್ನ ಹೆಸರಿಗಾದರೆ ಕೈ ಓಡುತ್ತಿದೆ. ಇದೂ ಹೇಡಿತನವೇ, ಗೊತ್ತಿದೆ.

ನವೆಂಬರ್ ಹದಿಮೂರರಂದು ರೆಕಾರ್ಡಿಂಗಿಗೆ ಮೊದಲು ಆನೆಮರಿಯನ್ನು ಅಳೆದು ಸರಿಪಡಿಸುವುದು ನನ್ನ ಪಾಳಿಯ ಕೆಲಸ. ಅರ್ಧ ಗಂಟೆ ಕಾಯಿಸಿ ಅಳೆಯಬೇಕು. ನಾನು ಐದು ನಿಮಿಷಕ್ಕೇ ಅಳೆದೆ. ಬೇರೆ ಕಾರಣವೇನೂ ಇಲ್ಲ, ಮನೆಗೆ ಹೊರಡುವ ಆತುರ. ತಣ್ಣಗಿದ್ದ ಯಂತ್ರಕ್ಕೆ ತಕ್ಕಂತೆ ಸ್ಕ್ರೂ ತಿರುಗಿಸಿ, ಅರಗು ಹಚ್ಚಿ, 'ಅಳತೆ ಸರಿ' ಎಂದು ಚೀಟಿಯಲ್ಲಿ ಬರೆದು ಹೋದೆ. ಮರುದಿನ ಯಂತ್ರ ಕಾದಾಗ ಮೇಲಿನ ಸ್ಥಾಯಿ ಜಾರಿತು.

ಮೂರನೆಯ ಭಾಗದಲ್ಲಿ ನಿನ್ನಪ್ಪ ಕೈ ಎತ್ತಿ ನಿಲ್ಲಿಸಿದ. "ಮೇಲಿಂದು ಇಳಿದಿದೆ" ಎಂದ. ನಿರ್ದೇಶಕರು ಗಾಜಿನ ಆಚೆಯಿಂದ, "ಇನ್ನೊಂದು ಸಲ" ಎಂದರು. ಅವನು ಮೇಲಿನ ಸ್ವರ ಬಂದಾಗಲೆಲ್ಲ ಎಡಗೈಯಲ್ಲಿ ಶ್ರುತಿಯ ನಾಬ್ ಏರಿಸಿ ಸರಿದೂಗಿಸಲು ನೋಡಿದ. ರಾಗ ಕೆಳಗಿಳಿದಾಗ ಆ ಏರಿಸಿದ್ದು ಹಾಗೆಯೇ ಉಳಿದು ಕೆಳಗಿನ ಸ್ವರವೂ ಕೆಟ್ಟಿತು. ಯಾರೋ ನಕ್ಕರು.

"ಏನ್ರೀ ಇದು, ಕಿವಿರಾಯರೇ?" ಎಂದರು ನಿರ್ದೇಶಕರು.

"ಯಂತ್ರ ಸರಿ ಇಲ್ಲ ಸಾರ್. ತಂತೀನ ಕೇಳಿ."

ಕೇಳಿದರು. ಎಲ್ಲರೆದುರು. "ಏನಪ್ಪಾ, ಯಂತ್ರ ನೋಡಿದ್ದೀಯೇನು?"

ನಾನು ಆರು ವರ್ಷದಿಂದ ಹಂಗಾಮಿ. ಖಾಯಂ ಮಾಡುವ ಕಡತ ಅದೇ ವಾರ ಆ ನಿರ್ದೇಶಕರ ಮೇಜಿನ ಮೇಲಿತ್ತು. "ನೋಡಿದ್ದೀನಿ ಸಾರ್. ಅಳತೆ ಸರಿಯಾಗಿದೆ" ಎಂದೆ.

ನಿನ್ನಪ್ಪ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. "ಸರಿಯಾಗಿ ನೋಡಿದ್ಯಾ ತಂತಿ? ಇನ್ನೊಂದ್ಸಲ ಮೀಟರ್ ಹಚ್ಚು" ಎಂದ. ಹಚ್ಚಿದೆ. ಮುಳ್ಳು ಎಲ್ಲಿ ನಿಂತಿತೆಂದು ಕಂಡದ್ದು ನನಗೊಬ್ಬನಿಗೆ. ಮೀಟರಿನ ಮುಖ ನನ್ನ ಎದೆಯ ಕಡೆಗಿತ್ತು. "ಸರಿಯಾಗೇ ಇದೆ ಕಣೋ" ಎಂದೆ.

ಕಡತದ ಭಯ ಎಂದು ಮೂವತ್ತೊಂದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ನಾನು ಓದಿ, ಅಳೆದು, ಯಂತ್ರ ಇಟ್ಟುಕೊಂಡು ತಿಳಿಯುವುದನ್ನು ಇವನು ಸುಮ್ಮನೆ ಕೂತು ಹೇಳಿಬಿಡುತ್ತಾನಲ್ಲ ಎಂಬ ಉರಿ ಒಂದು ಇತ್ತು. ಅಂದು ಮೊದಲ ಸಲ ಅವನು ತನ್ನ ಕಿವಿ ಬಿಟ್ಟು ನನ್ನ ಮೀಟರಿನ ಮುಳ್ಳನ್ನು ಹೌದೇ ಎಂದು ಕೇಳಿದ. ಆ ಒಂದು ಕ್ಷಣ ನನಗೆ ಹಿತವಾಗಿತ್ತು. ಬರೆಯಲು ಕಷ್ಟವಾದ ವಾಕ್ಯ ಇದು.

ಸಂಜೆ ಎಲ್ಲರೂ ಹೋದ ಮೇಲೆ ಯಂತ್ರ ಬಿಚ್ಚಿ, ಸರಿಪಡಿಸಿ, ಚೀಟಿಯಲ್ಲಿ ಬರೆದೆ. ನೀನು ಓದಿರುವೆ: 'ನ. 14, ಸಂಜೆ 6. ಮೇಲಿನ ಸ್ಥಾಯಿ 22 ಸೆಂಟ್ ಇಳಿದಿತ್ತು. ಸರಿಪಡಿಸಿದೆ. ಕಾರಣ: 13ರಂದು ಯಂತ್ರ ಕಾಯುವ ಮೊದಲೇ ಅಳೆದದ್ದು.' ಯಾಕೆ ಬರೆದೆ ಎಂದು ಕೇಳುತ್ತೀಯ. ಮುಂದೆ ಯಂತ್ರ ಬಿಚ್ಚುವವನಿಗೆ ಹಿಂದಿನವನು ಏನು ಮಾಡಿದ ಎಂದು ತಿಳಿಯಬೇಕು. ಚೀಟಿಯಲ್ಲಿ ಸುಳ್ಳು ಬರೆಯುವವನು ಟೆಕ್ನಿಷಿಯನ್ನೇ ಅಲ್ಲ ಎಂದು ನನಗೆ ಕಲಿಸಿದ್ದರು. ನಲವತ್ತು ಜನರೆದುರು ಸ್ನೇಹಿತನ ಮೇಲೆ ಸುಳ್ಳು ಹೇಳಿದವನಿಗೆ ಒಂದು ಚೀಟಿಯ ಮೇಲೆ ಸುಳ್ಳು ಬರೆಯಲಾಗಲಿಲ್ಲ. ಇದನ್ನು ನನ್ನ ಪ್ರಾಮಾಣಿಕತೆ ಎಂದು ಹೇಳಿಕೊಳ್ಳುತ್ತಿಲ್ಲ. ನಾಚಿಕೆಯಾಗಬೇಕಾದದ್ದು ಇದಕ್ಕೇ.

ಅತಿ ಕೆಟ್ಟದ್ದು ಇನ್ನೂ ಇದೆ. ಮಾರನೆಯ ದಿನ ಬಂದ ಹೊಸಬ, ನಾನು ಸರಿಪಡಿಸಿದ ಯಂತ್ರದ ಮೇಲೆ ಅದೇ ಭಾಗವನ್ನು ಒಂದೇ ಸಲಕ್ಕೆ ನುಡಿಸಿದ. ಯಂತ್ರದಲ್ಲಿ ದೋಷವಿರಲಿಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು. ನಿನ್ನಪ್ಪನಿಗೂ. ಅವನ ಬದುಕಿಗೆ ಮೊಳೆ ಹೊಡೆದದ್ದು ನನ್ನ ಸುಳ್ಳಷ್ಟೇ ಅಲ್ಲ, ನನ್ನ ರಿಪೇರಿ.

ಆ ಮೇಲಿನ ಭಾನುವಾರ ನಿಮ್ಮ ಮನೆಗೆ ಬಂದೆ. ಹೇಳಿಬಿಡಬೇಕೆಂದೇ ಬಂದದ್ದು. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ನೀನ್ ಬೇಜಾರ್ ಮಾಡ್ಕೋಬೇಡ ಕಣೋ. ಇದ್ದದ್ದು ಹೇಳಿದೆ. ನಿನ್ನ ಜಾಗದಲ್ಲಿ ನಾನಿದ್ರೂ ಅದೇ ಹೇಳ್ತಿದ್ದೆ" ಎಂದ. ನಿನ್ನಮ್ಮ ಊಟ ಬಡಿಸಿದರು. ಉಂಡು ಬಂದೆ. ಹತ್ತೊಂಬತ್ತು ವರ್ಷ ಹಾಗೆಯೇ ಬಂದು ಹೋಗಿ ಮಾಡಿ, ಕೊನೆಗೆ ಈ ಊರಿಗೆ ಮನೆ ಬದಲಾಯಿಸಿದೆ. ಹರಾಜಿನಲ್ಲಿ ಆನೆಮರಿಯನ್ನು ಅವನೇ ಕೊಂಡ ಎಂದು ಕೇಳಿದ ದಿನದಿಂದ ಆ ಮುಚ್ಚಳ ನನ್ನ ಎದೆಯ ಮೇಲಿದೆ. ಒಳಗಿನ ವಿದ್ಯುತ್ತು ಹೊಡೆಯುತ್ತದೆ ಎಂದು ನಿನ್ನನ್ನು ಹೆದರಿಸಿದೆನಲ್ಲ, ಅದರಲ್ಲಿ ನಿನ್ನ ಕ್ಷೇಮದ ಚಿಂತೆ ಎಷ್ಟಿತ್ತೆಂದು ನಿನಗೀಗ ಗೊತ್ತು.

ಯಾರು ಯಾವ ದಿನ ಯಾವ ತಪ್ಪು ಮಾಡಿದರೆಂದು ಊರಿಗೆಲ್ಲ ಬರೆದು ಹೇಳಿದ್ದೇನೆ. ಅಂಥ ಒಂದೊಂದು ಕಾಗದ ಬರೆಯುವಾಗಲೂ ನವೆಂಬರ್ ಹದಿನಾಲ್ಕು ನೆನಪಾಗದೆ ಇದ್ದದ್ದಿಲ್ಲ. ನೆನಪಾದಷ್ಟೂ ಜೋರಾಗಿ ಬರೆದೆ.

ಅವನ ಕಿವಿ ಸರಿಯಿತ್ತು. ಅಂದು ಆ ಕೋಣೆಯಲ್ಲಿ ಸರಿಯಿದ್ದದ್ದು ಅದೊಂದೇ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದಿಲ್ಲ. ಇದಿಷ್ಟು ಅವನಿಗೆ ತಿಳಿಯಲಿ.


ಮಾರ್ಚ್ 29

ಮಾವ,

ನಿಮ್ಮ ಕಾಗದವನ್ನು ಹದಿನೈದರಂದು, ಮಧ್ಯಾಹ್ನ, ಅಪ್ಪನಿಗೆ ಓದಿದೆ. ಎಲ್ಲೂ ಬಿಡಲಿಲ್ಲ. 'ಹಿತವಾಗಿತ್ತು' ಅಂದಿರಲ್ಲ, ಅದನ್ನು ಬಿಟ್ಟುಬಿಡೋಣ ಅನ್ನಿಸಿತು. ಅದನ್ನೂ ಓದಿದೆ.

ಅಪ್ಪ ಕೊನೆಯ ತನಕ ಕೇಳಿದರು. ಮುಗಿದ ಮೇಲೆ, "ಎಷ್ಟು ಅಂತ ಬರ್ದಿದಾನೆ?" ಅಂದರು.

"ಇಪ್ಪತ್ತೆರಡು ಸೆಂಟ್ ಅಪ್ಪಾ."

"ನಾನು ಇಪ್ಪತ್ತು ಅಂದ್ಕೊಂಡಿದ್ದೆ," ಅಂದರು.

ಆಮೇಲೆ ಎಡಗೈಯಲ್ಲಿ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅತ್ತರು ಅಂತ ಬರೆದರೆ ನಿಮಗೆ ಸಮಾಧಾನವಾಗಬಹುದು. ಅಳಲಿಲ್ಲ. ಬೈದರು. ನಿಮ್ಮನ್ನು, ನಿರ್ದೇಶಕರನ್ನು, ಡೋಲಿನವರನ್ನು, ಹೆಚ್ಚಾಗಿ ತಮ್ಮನ್ನೇ. ನಾಲಿಗೆ ತೊಡರಿ ಬೈಗುಳವೂ ಸಲೀಸಾಗಿ ಬರಲಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಹೇಳಿದ ಒಂದು ಮಾತು ನಿಮಗೆ ತಿಳಿಯಬೇಕು. "ನಿಮ್ಮಮ್ಮ ಅಡುಗೆ ಮಾಡ್ತಾ ಹಾಡ್ಕೊಳ್ಳೋಳು. 'ಶ್ರುತಿ ಸರಿ ಇದೆಯೇನ್ರೀ?' ಅಂತ ಕೇಳೋಳು. ಸರಿ ಇರ್ತಿತ್ತು ಕಣೇ. ಒಂದಿನಾನೂ ತಪ್ತಿರ್ಲಿಲ್ಲ. 'ನಂಗೆ ಗೊತ್ತಾಗಲ್ಲ' ಅಂತಿದ್ದೆ ನಾನು. ಆಮೇಲಾಮೇಲೆ ಹಾಡೋದೇ ಬಿಟ್ಲು." ಅಮ್ಮ ಹಾಡುತ್ತಿದ್ದರು ಅನ್ನುವುದೇ ನನಗೆ ಮರೆತುಹೋಗಿತ್ತು. ಇದಕ್ಕೆ ನೀವು ಏನು ಬರೆದರೂ ಸಾಲದು, ಹಾಗಾಗಿ ಏನೂ ಬರೆಯಬೇಡಿ.

ಒಂಬತ್ತು ದಿನ ಆನೆಮರಿಯ ಸುದ್ದಿ ಎತ್ತಲಿಲ್ಲ. ಹತ್ತನೆಯ ದಿನ ತಾವಾಗಿಯೇ, "ಆನ್ ಮಾಡಿ ಬಿಡು, ಕಾಯಲಿ" ಅಂದರು. ಅರ್ಧ ಗಂಟೆ ಇಬ್ಬರೂ ಸುಮ್ಮನೆ ಅದನ್ನೇ ನೋಡಿಕೊಂಡು ಕೂತೆವು. ಆಮೇಲೆ ಕುರ್ಚಿ ತಿರುಗಿಸಿಕೊಂಡು, ಎಡಗೈಯ ಎರಡು ಬೆರಳಲ್ಲಿ ನಾಬ್ ಹಿಡಿದು, ಹದಿನಾರು ಸ್ವರ ಕೂರಿಸಿದರು. ಎರಡೂಕಾಲು ಗಂಟೆ ಹಿಡಿಯಿತು. ಯಾವ ರಾಗವೂ ಅಲ್ಲ, ಏರಿ ಏರಿ ಒಂದು ಕಡೆ ನಿಂತು ತಿರುಗುವಂಥದ್ದು. ಮೇಲಿನ ನಾಲ್ಕು ಸ್ವರ ಬಂದಾಗ, "ಇಳಿದಿದೆ" ಅಂದರು. ನಾನು ಫೋನ್ ತೆಗೆಯಲು ಹೋದೆ. "ಅದನ್ನ ಅತ್ಲಾಗಿಡು" ಅಂದರು.

ನಿಮ್ಮನ್ನು ಕ್ಷಮಿಸಿದ್ದಾರೆಯೇ ಅಂತ ನಾನು ಕೇಳಿಲ್ಲ. ನಾನು ಕ್ಷಮಿಸಿಲ್ಲ. ಕಾಗದದ ಮೇಲೆ 'ಮಾವ' ಅಂತ ಬರೆದದ್ದು ಅಭ್ಯಾಸಬಲ. ಹೊಡೆದುಹಾಕೋಣ ಅಂತ ಪೆನ್ನು ಎತ್ತಿದೆ, ಆಗಲಿಲ್ಲ.

ಅಪ್ಪ ಹೇಳಿಕಳಿಸಿದ್ದು ಇದು. ಆ ಸ್ಕ್ರೂವನ್ನು ಬೇರೆಯವರ ಕೈಗೆ ಕೊಡುವುದಿಲ್ಲವಂತೆ, ನೀವೇ ಬಂದು ತಿರುಗಿಸಬೇಕಂತೆ. ಹಳೆಯ ಮಾತು ಎತ್ತಬಾರದಂತೆ. ನಿಮ್ಮ ಊರಿನಿಂದ ಬೆಳಗ್ಗೆ ಆರೂವರೆಗೆ ನೇರ ಬಸ್ಸಿದೆ, ಹನ್ನೊಂದಕ್ಕೆ ಇಲ್ಲಿರುತ್ತೀರಿ. ಮೀಟರ್ ತರಕೂಡದಂತೆ. ನೀವು ತಿರುಗಿಸುತ್ತಾ ಹೋಗಬೇಕು, ಎಲ್ಲಿ ನಿಲ್ಲಿಸಬೇಕೆಂದು ಅವರು ಹೇಳುತ್ತಾರಂತೆ.

"ಅಪ್ಪಾ, ಅವರಿಗೀಗ ಕಿವಿ ಮಂದ. ಸರಿಯಾಯ್ತೋ ಇಲ್ವೋ ಅಂತ ಅವರಿಗೆ ಗೊತ್ತೇ ಆಗಲ್ಲ," ಅಂದೆ.

"ಗೊತ್ತಾಗೋದು ಬೇಡ," ಅಂದರು ಅಪ್ಪ. "ನಾನು ಹೇಳಿದ್ದನ್ನ ನಂಬಲಿ."